ಮುಲ್ಕಿ ಪರೀಕ್ಷೆಯಿಂದ ಪಿಎಚ್.ಡಿ.ವರೆಗೆ: ಮಾಸ್ತರ ಮನೆತನದ ನಾಲ್ಕು ತಲೆಮಾರನ್ನು ಬರೆದಿಡುವುದು ಹೇಗೆ?

ಸಾಧನಕೇರಿ_ದಾಖಲೆ (ಚರ್ಚೆ ಆರಂಭ)

ಎಲ್ಲರಿಗೂ ನಮಸ್ಕಾರ. ಧಾರವಾಡ ಸೀಮೆಯ ಒಂದು ಮಾಸ್ತರ ಮನೆತನದ ವಿದ್ಯೆ ಮತ್ತು ನೌಕರಿಯ ಚರಿತ್ರೆ ಬರೆಯುವ ಕೆಲಸ ನಡೆದಿದೆ. ಮುತ್ತಜ್ಜ ಕನ್ನಡ ಸಾಲಿ ಮಾಸ್ತರರು, ಅಜ್ಜ ಹೈಸ್ಕೂಲು ಹೆಡ್‌ಮಾಸ್ತರರು, ಅವರ ಮಕ್ಕಳಲ್ಲಿ ಇಬ್ಬರು ಕಾಲೇಜು ಪ್ರಾಧ್ಯಾಪಕರು, ಮೊಮ್ಮಗಳು ಸಂಶೋಧಕಿ. ಒಂದು ಟ್ರಂಕಿನಷ್ಟು ಕಾಗದಗಳಿವೆ. ತೊಡಕು ನಾಲ್ಕು. ಹಳೆಯ ಪರೀಕ್ಷೆಗಳ ಹೆಸರುಗಳು ಈಗಿನ ಯಾವುದಕ್ಕೆ ಸಮ? ಒಬ್ಬರದೇ ಹೆಸರು ಮೂರು ಕಾಗದದಲ್ಲಿ ಮೂರು ಥರ ಇದ್ದರೆ ಯಾವುದನ್ನು ಹಿಡಿಯಬೇಕು? ಇಲ್ಲದ ದಾಖಲೆಯನ್ನು ಯಾವ ಕಚೇರಿಯಲ್ಲಿ ಕೇಳಬೇಕು? ಮನೆತನದ ಹೆಣ್ಣುಮಕ್ಕಳ ಓದು, ಕೆಲಸ ಎಲ್ಲಿ ಸಿಗುತ್ತದೆ? ಕೇಳಿದ್ದು, ನೆನಪಿನದು ಬೇಡ. ಕಾಗದದ ಮೇಲೆ ನಿಲ್ಲುವುದು ಬೇಕು. ತಿಳಿದವರು ದಯವಿಟ್ಟು ಹೇಳಿ.

ಮುಲ್ಕಿ_ಪಾಸ್

ಮೊದಲು ಇಯತ್ತೆಯ (ತರಗತಿಯ) ಗೊಂದಲ ಬಿಡಿಸಿಕೊಳ್ಳಿ. ಉಳಿದ ಅರ್ಧ ತಪ್ಪು ಇಲ್ಲಿಂದಲೇ ಹುಟ್ಟುತ್ತವೆ.

ಮುಂಬೈ ಪ್ರಾಂತದ ಕಾಲದಲ್ಲಿ ನಮ್ಮ ಕಡೆ ಏಳನೇ ಇಯತ್ತೆ ಎರಡಿದ್ದವು. ಕನ್ನಡ ಏಳನೆಯದರ ಕೊನೆಗೆ ಮುಲ್ಕಿ ಪರೀಕ್ಷೆ. ಇಂಗ್ಲಿಷ್ ಕಾಗದದಲ್ಲಿ ಅದು ವರ್ನಾಕ್ಯುಲರ್ ಫೈನಲ್. ಇಂಗ್ಲಿಷ್ ಸಾಲಿಗೆ ಹೋಗುವವರು ಕನ್ನಡ ನಾಲ್ಕನೆಯದು ಮುಗಿಸಿ ಇಂಗ್ಲಿಷ್ ಒಂದನೆಯದಕ್ಕೆ ಸೇರುತ್ತಿದ್ದರು. ಇಂಗ್ಲಿಷ್ ಏಳನೆಯದೇ ಮ್ಯಾಟ್ರಿಕ್. ಅಂದರೆ ಒಟ್ಟು 11 ವರ್ಷ. ಹಾಗಾಗಿ ಕಾಗದದಲ್ಲಿ ಬರೀ 'ಏಳನೇ ಇಯತ್ತೆ ಪಾಸು' ಎಂದಿದ್ದರೆ ಸಾಲಿಯ ಹೆಸರು ನೋಡದೆ ತೀರ್ಮಾನಕ್ಕೆ ಬರಬೇಡಿ. ಒಂದು ಈಗಿನ ಏಳನೆಯ ತರಗತಿ, ಇನ್ನೊಂದು ಅದಕ್ಕಿಂತ ನಾಲ್ಕು ವರ್ಷ ಹೆಚ್ಚಿನ ಓದು. ಮುತ್ತಜ್ಜನ ಕಾಲಕ್ಕೆ ಮುಲ್ಕಿ ಸಣ್ಣ ಪರೀಕ್ಷೆಯೇನೂ ಅಲ್ಲ. ಮಾಸ್ತರಿಕೆಗೆ, ತಲಾಠಿ (ಊರ ಲೆಕ್ಕಿಗ) ಕೆಲಸಕ್ಕೆ ಅದೇ ಅರ್ಹತೆ.

ಮುಲ್ಕಿ ಪಾಸಾದವರು ಅನ್‌ಟ್ರೇನ್ಡ್ ಅಸಿಸ್ಟಂಟ್ ಎಂದು ಕೆಲಸಕ್ಕೆ ಸೇರಿ, ಆಮೇಲೆ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗುತ್ತಿದ್ದರು. ಅಲ್ಲಿ ಒಂದು, ಎರಡು, ಮೂರು ವರ್ಷದ ಹಂತಗಳಿದ್ದವು, ಪಗಾರವೂ ಅದರ ಪ್ರಕಾರ. ನಿಮ್ಮ ಕಾಗದದಲ್ಲಿ 'ಸೆಕೆಂಡ್ ಇಯರ್ ಟ್ರೇನ್ಡ್' ಎಂದಿದ್ದರೆ ಎರಡು ವರ್ಷ ಮುಗಿಸಿ ಮತ್ತೆ ಸಾಲಿಗೆ ಮರಳಿದವರು ಎಂದರ್ಥ. ಅನುತ್ತೀರ್ಣರಾದವರು ಎಂದು ತಿಳಿಯಬೇಡಿ.

ಕಾಲೇಜಿನ ಕಡೆಗೆ ಬಂದರೆ, ಮ್ಯಾಟ್ರಿಕ್ ನಂತರ ಪ್ರೀವಿಯಸ್ ಒಂದು ವರ್ಷ, ಇಂಟರ್ ಒಂದು ವರ್ಷ, ಆಮೇಲೆ ಬಿ.ಎ. ಎರಡು ವರ್ಷ. 'ಇಂಟರ್ ಆರ್ಟ್ಸ್' ಎಂದು ಹೆಸರಿನ ಮುಂದೆ ಬರೆದುಕೊಂಡವರು ಕಾಲೇಜಿನಲ್ಲಿ ಎರಡು ವರ್ಷ ಓದಿದವರು. ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅದಕ್ಕಿಂತ ಮೊದಲು ಬಿ.ಎ. ಬೇಕಾದವರು ಪುಣೆ, ಮುಂಬೈಯಂಥ ಹೊರ ಊರಿಗೆ ಹೋಗಲೇಬೇಕಿತ್ತು. ಡೆಕ್ಕನ್, ಫರ್ಗ್ಯುಸನ್, ವಿಲ್ಸನ್, ಎಲ್ಫಿನ್‌ಸ್ಟನ್, ಈ ಹೆಸರುಗಳೇ ಹೆಚ್ಚು ಸಿಗುತ್ತವೆ. 1917ಕ್ಕಿಂತ ಮೊದಲೇ 'ಧಾರವಾಡದಲ್ಲಿ ಬಿ.ಎ.' ಎಂದು ಯಾರಾದರೂ ಹೇಳಿದರೆ ಆ ಸಾಲಿನ ಮುಂದೆ ಪ್ರಶ್ನೆಚಿಹ್ನೆ ಹಾಕಿ.

'ದಕ್ಷಿಣಾ ಫೆಲೋ' ಎಂಬ ಮಾತು ಕಂಡರೆ ಬಿಡಬೇಡಿ. ಚೆನ್ನಾಗಿ ಪಾಸಾದ ಪದವೀಧರರಿಗೆ ಕಾಲೇಜಿನಲ್ಲಿ ಅಲ್ಪ ಅವಧಿಗೆ ಕೊಡುತ್ತಿದ್ದ ಗೌರವದ ಸ್ಥಾನ ಅದು. ಸ್ವಲ್ಪ ಪಾಠ ಹೇಳುತ್ತ ಎಂ.ಎ.ಗೆ ಓದುವುದು. ಪೂರ್ಣ ಲೆಕ್ಚರರ್ ನೌಕರಿ ಎಂದು ಬರೆದರೆ ತಪ್ಪಾಗುತ್ತದೆ, ಬಿಟ್ಟರೆ ಅವರ ಮೊದಲ ಮನ್ನಣೆಯೇ ಹೋಗುತ್ತದೆ.

ಬಿ.ಟಿ. ಎಂದರೆ ಬ್ಯಾಚುಲರ್ ಆಫ್ ಟೀಚಿಂಗ್, ಈಗಿನ ಬಿ.ಇಡಿ.ಯ ಹಿಂದಿನ ರೂಪ. ಎಸ್.ಟಿ.ಸಿ. ಬೇರೆ, ಅದು ಶಿಕ್ಷಕರ ಸರ್ಟಿಫಿಕೇಟು, ಪದವಿ ಅಲ್ಲ.

ಬೆಟಗೇರಿ_ಓದುಗ

ಮುಲ್ಕಿ ಅವರ ಮಾತಿಗೆ ಪೂರಕವಾಗಿ ತಾರೀಖಿನ ವಿಷಯ.

ಹುಟ್ಟಿದ ದಿನ ಜೂನ್ 1 ಎಂದಿದ್ದರೆ ನಂಬುವ ಮೊದಲು ಎರಡನೆಯ ಸಾಕ್ಷಿ ಹುಡುಕಿ. ಸಾಲಿ ಶುರುವಾಗುವುದು ಜೂನ್‌ನಲ್ಲಿ. ಹುಡುಗನನ್ನು ಹೆಸರು ಹಚ್ಚಲು ಕರೆತಂದವರಿಗೆ ತಾರೀಖು ಗೊತ್ತಿರುತ್ತಿರಲಿಲ್ಲ, ಮಾಸ್ತರರು ವಯಸ್ಸು ಅಂದಾಜು ಮಾಡಿ ಜೂನ್ 1 ಬರೆದುಬಿಡುತ್ತಿದ್ದರು. ಹೀಗೆ ಬಂದ ತಾರೀಖು ಮ್ಯಾಟ್ರಿಕ್ ಸರ್ಟಿಫಿಕೇಟಿಗೆ, ಅಲ್ಲಿಂದ ಸರ್ವಿಸ್ ಬುಕ್ಕಿಗೆ, ಅಲ್ಲಿಂದ ಪೆನ್ಶನ್ ಕಾಗದಕ್ಕೆ ಇಳಿದಿರುತ್ತದೆ. ನಾಲ್ಕು ಕಾಗದ ಒಂದೇ ಹೇಳುತ್ತವೆ ಎಂದರೆ ನಾಲ್ಕು ಸಾಕ್ಷಿ ಆಗಲಿಲ್ಲ, ಒಂದನ್ನೇ ನಾಲ್ಕು ಸಲ ನಕಲು ಮಾಡಿದ್ದು.

ಎರಡನೆಯ ಸಾಕ್ಷಿ ಜಾತಕ. ಅದರಲ್ಲಿ ಶಕೆ, ಸಂವತ್ಸರ, ಮಾಸ, ತಿಥಿ, ವಾರ ಇರುತ್ತವೆ. ಚೈತ್ರದಿಂದ ಕಾರ್ತಿಕದವರೆಗೆ ಶಕೆಗೆ 78 ಕೂಡಿಸಬೇಕು. ಮಾಘ, ಫಾಲ್ಗುಣಕ್ಕೆ 79. ಮಾರ್ಗಶಿರದ ಕೊನೆ ಮತ್ತು ಪುಷ್ಯ ಮಾಸ ಡಿಸೆಂಬರ್, ಜನವರಿ ಎರಡರಲ್ಲೂ ಕಾಲಿಡಬಹುದಾದ್ದರಿಂದ ಅಲ್ಲಿ ಪಂಚಾಂಗ ನೋಡಲೇಬೇಕು. ಉದಾಹರಣೆಗೆ ಶಕೆ 1826 ಕ್ರೋಧಿ ಸಂವತ್ಸರದ ಶ್ರಾವಣ ಎಂದರೆ 1904, ಅದೇ ಕ್ರೋಧಿಯ ಮಾಘ ಎಂದರೆ 1905. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ: ಕ್ರೋಧಿ 1904, 1964, 2024. ಶಕೆ ಅಳಿಸಿಹೋಗಿ ಸಂವತ್ಸರ ಮಾತ್ರ ಉಳಿದಿದ್ದರೂ ತಲೆಮಾರು ಗೊತ್ತಿದ್ದರೆ ವರ್ಷ ಗೊತ್ತಾದ ಹಾಗೆಯೇ. ವಾರವನ್ನು ತಾಳೆ ನೋಡುವುದು ಮರೆಯಬೇಡಿ. ತಿಥಿ ಮತ್ತು ವಾರ ಎರಡೂ ಕೂಡಿದರೆ ಆ ತಾರೀಖು ಗಟ್ಟಿ.

ಮೂರನೆಯದು ವಯಸ್ಸಿನ ಲೆಕ್ಕ. ಆರಕ್ಕೆ ಸಾಲಿ ಸೇರಿದರೆ ಮ್ಯಾಟ್ರಿಕ್ 17ಕ್ಕೆ, ಬಿ.ಎ. 21ಕ್ಕೆ. ಬಿ.ಎ. 18ಕ್ಕೇ ಆದಂತೆ ಕಂಡರೆ ಹುಟ್ಟಿದ ವರ್ಷ ಮುಂದೆ ಸರಿದಿದೆ. ನಿವೃತ್ತಿ ದೂಡಲು ಸಾಲಿಯಲ್ಲಿ ವಯಸ್ಸು ಕಡಿಮೆ ಬರೆಸುವುದು ನಮ್ಮ ಕಡೆ ಇದ್ದದ್ದೇ. ಚರಿತ್ರೆ ಬರೆಯುವಾಗ ಎರಡೂ ತಾರೀಖು ಕೊಡಿ: 'ದಾಖಲೆಯಂತೆ ಇಷ್ಟು, ಜಾತಕದಂತೆ ಇಷ್ಟು'.

ಪೆನ್ಶನ್_ಟೇಬಲ್

ಮನಿಯೊಳಗ ಸರ್ವಿಸ್ ಬುಕ್ಕಿನ ನಕಲು ಐತೇನ್ರಿ? ಇದ್ದರ ಉಳಿದ ಕಾಗದ ಆಮ್ಯಾಲೆ ನೋಡೂಣು. ಸಾಲಿ ಮಾಸ್ತರರ ಬಾಳೇವು ಅಷ್ಟೂ ಅದರಾಗ ಇರ್ತದ, ಓದೂದು ಗೊತ್ತಿರಬೇಕು ಅಷ್ಟ.

ಮೊದಲ ಪುಟದಲ್ಲಿ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ತಾರೀಖು ಅಂಕಿಯಲ್ಲೂ ಅಕ್ಷರದಲ್ಲೂ, ಎತ್ತರ, ಮೈಮೇಲಿನ ಗುರುತು, ಎಡಗೈ ಬೆರಳಚ್ಚು, ಸಹಿ. ಈ ಪುಟವನ್ನು ಪೂರ್ತಿ ಫೋಟೋ ತೆಗೆಯಿರಿ. 'ಎಡ ಹುಬ್ಬಿನ ಮೇಲೆ ಗಾಯದ ಕಲೆ' ಎಂಬ ಒಂದು ಸಾಲು, ಫೋಟೋನೇ ಇಲ್ಲದ ಮುತ್ತಜ್ಜನ ಮುಖದ ಬಗ್ಗೆ ಉಳಿದ ಒಂದೇ ಮಾತು ಆಗಿರಬಹುದು. ಸಹಿಯ ಲಿಪಿಯನ್ನೂ ನೋಡಿ. ಕನ್ನಡವೋ, ಇಂಗ್ಲಿಷೋ, ಮೋಡಿಯೋ (ಮರಾಠಿಯ ಹಳೆಯ ಕೂಡುಬರಹ) ಎಂಬುದರಿಂದ ಅವರು ಕಲಿತ ಸಾಲಿ ಎಂಥದು ಎಂಬುದರ ಸುಳಿವು ಸಿಗುತ್ತದೆ.

ಒಳಗಿನ ಪುಟಗಳಲ್ಲಿ ಅಂಕಣಗಳು: ಹುದ್ದೆ, ಕಾಯಂ ಅಥವಾ ಹಂಗಾಮಿ, ಪಗಾರ, ಸೇರಿದ ತಾರೀಖು, ಬಿಟ್ಟ ತಾರೀಖು, ಬಿಟ್ಟ ಕಾರಣ, ರಜೆ, ಮೇಲಧಿಕಾರಿಯ ಸಹಿ. ಎಡದಿಂದ ಬಲಕ್ಕೆ ಓದುವುದರ ಜೊತೆಗೆ ತಾರೀಖಿನ ಅಂಕಣವನ್ನು ಮೇಲಿನಿಂದ ಕೆಳಗೆ ಓದಿ. ಒಂದು ಸಾಲಿನ ಬಿಟ್ಟ ತಾರೀಖಿಗೂ ಮುಂದಿನ ಸಾಲಿನ ಸೇರಿದ ತಾರೀಖಿಗೂ ನಡುವೆ ತೆರಪು ಇದ್ದರೆ ಅಲ್ಲೇ ಕತೆ ಇದೆ. ಬೇನೆ, ಟ್ರೇನಿಂಗ್, ಚಳವಳಿ, ಅಮಾನತು, ಯಾವುದೂ ಆಗಬಹುದು. ರಜೆ ಅಂಕಣ ಅದಕ್ಕೆ ಉತ್ತರ ಹೇಳುತ್ತದೆ.

ಮೂರು ಕಡೆ ಎಲ್ಲರೂ ಎಡವುತ್ತಾರೆ.

ಒಂದು, ಮಾಲಕ ಯಾರು ಎಂಬುದು. 1923ರ ಮುಂಬೈ ಪ್ರಾಥಮಿಕ ಶಿಕ್ಷಣ ಕಾಯ್ದೆಯ ನಂತರ ಕನ್ನಡ ಸಾಲಿಗಳ ಆಡಳಿತ ಸ್ಥಳೀಯ ಸಂಸ್ಥೆಗಳ ಕೈಗೆ ಹೋಯಿತು, 1947ರ ಕಾಯ್ದೆಯಲ್ಲಿ ಜಿಲ್ಲಾ ಸ್ಕೂಲ್ ಬೋರ್ಡು ಬಂತು. ಊರಲ್ಲಿ ಮುನ್ಸಿಪಲ್ ಸಾಲಿ ಬೇರೆ. ಹುಬ್ಬಳ್ಳಿ ಮುನ್ಸಿಪಲ್ ಸಾಲಿಯ ಮಾಸ್ತರರನ್ನು 'ಸರ್ಕಾರಿ ಶಿಕ್ಷಕರು' ಎಂದು ಬರೆದು ಸರ್ಕಾರದ ದಾಖಲೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಎರಡು, 1956ರ ನವೆಂಬರ್ 1. ಅವತ್ತು ನಮ್ಮ ಕಡೆಯ ಮುಂಬೈ ರಾಜ್ಯದ ನೌಕರರು ಮೈಸೂರು ರಾಜ್ಯಕ್ಕೆ ಬಂದರು. ಅಲ್ಲಿಂದ ಮುಂದೆ ಪಗಾರದ ಸ್ಕೇಲು, ಹುದ್ದೆಯ ಹೆಸರು, ಜ್ಯೇಷ್ಠತೆ ಎಲ್ಲ ಬದಲಾಗಿ ಕಾಣುತ್ತದೆ. ಬಡ್ತಿ ಸಿಕ್ಕಿತು, ಹಿಂಬಡ್ತಿ ಆಯಿತು ಎಂದು ಅವಸರದಲ್ಲಿ ಬರೆಯಬೇಡಿ. ಬಹಳ ಸಲ ಅದು ಎರಡು ರಾಜ್ಯಗಳ ಹುದ್ದೆಗಳ ಸಮೀಕರಣ ಅಷ್ಟೇ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೇ ಕಲಮು ಸೇವಾ ಷರತ್ತುಗಳನ್ನು ಕೇಂದ್ರದ ಒಪ್ಪಿಗೆಯಿಲ್ಲದೆ ನೌಕರರಿಗೆ ನಷ್ಟವಾಗುವಂತೆ ಬದಲಿಸಬಾರದು ಎನ್ನುತ್ತದೆ. ಅದನ್ನು ಹಿಡಿದು ಬರೆದ ಅರ್ಜಿಗಳ ನಕಲು ಟ್ರಂಕಿನಲ್ಲಿದ್ದರೆ ಜೋಪಾನ ಮಾಡಿ. ಆ ಪೀಳಿಗೆಯ ಮಾಸ್ತರರ ಇಂಗ್ಲಿಷ್ ಬರವಣಿಗೆಯ ಗತ್ತು ಅದರಲ್ಲಿ ಕಾಣುತ್ತದೆ.

ಮೂರು, ಅನುದಾನ. ಖಾಸಗಿ ಸಂಸ್ಥೆಯ ಹೈಸ್ಕೂಲಿನಲ್ಲಿ ಸೇರಿದ ತಾರೀಖು ಒಂದು, ಇಲಾಖೆ ಆ ನೇಮಕಕ್ಕೆ ಅನುಮೋದನೆ ಕೊಟ್ಟ ತಾರೀಖು ಇನ್ನೊಂದು. ಪೆನ್ಶನ್ ಕಾಗದ ಎರಡನೆಯದನ್ನು ಹಿಡಿಯುತ್ತದೆ. ನಡುವಿನ ವರ್ಷಗಳಲ್ಲಿ ಸಂಸ್ಥೆಯೇ ಪಗಾರ ಕೊಟ್ಟಿರುತ್ತದೆ, ಅದು ಸಂಸ್ಥೆಯ ಪಗಾರ ಪತ್ರಕದಲ್ಲಿ ಮಾತ್ರ ಸಿಗುತ್ತದೆ.

ಗ್ರಂಥಪಾಲ_ಸಪ್ತಾಪುರ

ಯಾವ ದಾಖಲೆ ಯಾರ ಕೈಯಲ್ಲಿದೆ ಎಂಬುದಕ್ಕೆ ವರ್ಷವೇ ಬೀಗದ ಕೈ.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ 1950ರಲ್ಲಿ ಧಾರವಾಡಕ್ಕೆ ಬಂತು. ಅದಕ್ಕಿಂತ ಹಿಂದಿನ ಪದವಿಗಳೆಲ್ಲ ಮುಂಬೈ ವಿಶ್ವವಿದ್ಯಾಲಯದವು. ಧಾರವಾಡದಲ್ಲಿ ಓದಿದರೂ ಸರ್ಟಿಫಿಕೇಟಿನ ಮೇಲೆ ಮುಂಬೈ ಎಂದೇ ಇರುತ್ತದೆ. ಆ ವಿಶ್ವವಿದ್ಯಾಲಯದ ಹಳೆಯ ಕ್ಯಾಲೆಂಡರುಗಳಲ್ಲಿ ಪದವೀಧರರ ಪಟ್ಟಿಗಳಿವೆ. ಕೆಲವು ಸಂಪುಟ ಇಂಟರ್‌ನೆಟ್ ಆರ್ಕೈವಿನಲ್ಲಿ ಓದಲು ಸಿಗುತ್ತವೆ. ಸರ್ಕಾರಿ ಕಾಲೇಜಿನಲ್ಲಿದ್ದ ಗೆಜೆಟೆಡ್ ಪ್ರಾಧ್ಯಾಪಕರಾದರೆ ಮುಂಬೈ ಸಿವಿಲ್ ಲಿಸ್ಟ್ (ಸರ್ಕಾರಿ ಅಧಿಕಾರಿಗಳ ಪಟ್ಟಿ) ನೋಡಿ.

ಇಲ್ಲಿ ಗೊಂದಲ ಆಗುವುದು ವಿಷಯವಾರು. ಕೃಷಿ ಕಾಲೇಜು ಧಾರವಾಡದಲ್ಲಿ 1947ರಲ್ಲಿ ಆರಂಭವಾಯಿತು, 1960ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತು, 1986ರಿಂದ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ತಂದೆ, ಮಗ, ಮೊಮ್ಮಗ ಒಂದೇ ಆವರಣದಲ್ಲಿ ಓದಿದ್ದರೂ ಮೂವರ ಪದವಿ ಮೂರು ವಿಶ್ವವಿದ್ಯಾಲಯದ್ದಾಗಿರಬಹುದು. ಇಂಜಿನಿಯರಿಂಗ್ 1998ರಿಂದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು), ವೈದ್ಯಕೀಯ 1996ರಿಂದ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ, ಕಾನೂನು 2009ರಿಂದ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ. ಅದಕ್ಕಿಂತ ಮುಂಚಿನ ಮಾರ್ಕ್ಸ್ ಕಾರ್ಡಿಗೆ ಅಲ್ಲಿ ಅರ್ಜಿ ಹಾಕಿದರೆ ಅರ್ಜಿ ವಾಪಸು ಬರುತ್ತದೆ. ಆ ಕಾಲದ ದಾಖಲೆಗೆ ಕರ್ನಾಟಕ ವಿಶ್ವವಿದ್ಯಾಲಯ ಇರುವ ಪಾವಟೆನಗರಕ್ಕೇ ಬರಬೇಕು. ಅರ್ಜಿಯಲ್ಲಿ ಪರೀಕ್ಷೆಯ ಹೆಸರು, ತಿಂಗಳು, ವರ್ಷ, ಸೀಟ್ ನಂಬರು, ಕಾಲೇಜು, ಇಷ್ಟು ಇರಬೇಕು. ಸೀಟ್ ನಂಬರು ಇಲ್ಲದಿದ್ದರೆ ಹುಡುಕುವವರಿಗೆ ಲೆಜರಿನ ಪುಟ ಪುಟ ತಿರುವಬೇಕಾಗುತ್ತದೆ.

ಕೆಎಲ್‌ಇ (ಕರ್ನಾಟಕ ಲಿಂಗಾಯತ ಶಿಕ್ಷಣ) ಸಂಸ್ಥೆಯವರಾದರೆ ಒಂದು ಎಚ್ಚರಿಕೆ. ಹಾವೇರಿಯ ಗುದ್ಲೆಪ್ಪ ಹಳ್ಳಿಕೇರಿ ಕಾಲೇಜು, ಗದಗಿನ ಜಗದ್ಗುರು ತೋಂಟದಾರ್ಯ ಕಾಲೇಜು, ಹುಬ್ಬಳ್ಳಿಯ ಪಿ.ಸಿ. ಜಾಬಿನ್ ಕಾಲೇಜು ಎಲ್ಲ ಒಂದೇ ಸಂಸ್ಥೆಯವು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕಟ್ಟಿದ್ದು. ಸಪ್ತರ್ಷಿಗಳು ಎಂದೇ ಜನ ಕರೆಯುತ್ತಾರೆ. ಪ್ರಾಧ್ಯಾಪಕರು ಊರಿಂದ ಊರಿಗೆ ವರ್ಗವಾಗಿ ಹೋಗಿದ್ದರೆ ಬೇರೆ ನೌಕರಿ ಹಿಡಿದರು ಎಂದು ಬರೆಯಬೇಡಿ.

ಬೆಟಗೇರಿ_ಓದುಗ

ಊರಿನ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಹಿಂದಿನದೆಲ್ಲ ಧಾರವಾಡ ಜಿಲ್ಲೆಯ ಹೆಸರಲ್ಲಿದೆ. ಇನ್ನೂ ಹಿಂದೆ ಹೋದರೆ ಅದೂ ಅಲ್ಲ: ಸವಣೂರು ನವಾಬರದು, ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಲಕ್ಷ್ಮೇಶ್ವರ ಮಿರಜದ್ದು. ಆ ಊರುಗಳ ಸಾಲಿಯ ದಾಖಲೆ ಬ್ರಿಟಿಷ್ ಧಾರವಾಡದ ವರದಿಗಳಲ್ಲಿ ಕಾಣಲಿಲ್ಲ ಎಂದು ಸಾಲಿಯೇ ಇರಲಿಲ್ಲ ಎನ್ನಬಾರದು. ವಿ.ಕೃ. ಗೋಕಾಕರು ಹುಟ್ಟಿದ್ದು 1909ರಲ್ಲಿ ಸವಣೂರಿನಲ್ಲಿ, ಸಂಸ್ಥಾನದ ಪ್ರಜೆಯಾಗಿ. ಧಾರವಾಡ, ಪುಣೆ, ಆಕ್ಸ್‌ಫರ್ಡ್, ಸಾಂಗಲಿ, ವೀಸನಗರ, ಕೊಲ್ಹಾಪುರ, ಮತ್ತೆ ಧಾರವಾಡ, ಹೈದರಾಬಾದು, ಬೆಂಗಳೂರು, ಶಿಮ್ಲಾ ಎಂದು ಅವರ ಓದು ಮತ್ತು ಅಧ್ಯಾಪನ ಹರಡಿದೆ. ಆ ಪೀಳಿಗೆಯ ಒಬ್ಬರ ದಾಖಲೆ ಈಗಿನ ಎಷ್ಟು ರಾಜ್ಯಗಳಲ್ಲಿ ಚದುರಿರಬಹುದು ಎಂಬುದಕ್ಕೆ ಇದು ಅಳತೆ.

ಹಾವೇರಿ_ಅಕ್ಕೋರು

ಹೆಸರಿನ ಪ್ರಶ್ನೆಗೆ ಮತ್ತು ಹೆಣ್ಣುಮಕ್ಕಳ ಪ್ರಶ್ನೆಗೆ ಒಟ್ಟಿಗೇ ಉತ್ತರ ಹೇಳಬೇಕು, ಅವೆರಡೂ ಒಂದೇ.

ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ತುಂಡು. ಹೆಣ್ಣುಮಗಳಿಗೆ ಮದುವೆಯಾದರೆ ನಡುವಿನದು ಗಂಡನ ಹೆಸರು, ಕೊನೆಯದು ಗಂಡನ ಮನೆಯ ಅಡ್ಡಹೆಸರು; ಎಷ್ಟೋ ಮನೆಗಳಲ್ಲಿ ಮೊದಲ ಹೆಸರೂ ಬದಲಾಗುತ್ತಿತ್ತು. ಅಂದರೆ ಮೂರಕ್ಕೆ ಮೂರೂ ಬೇರೆ. ಮುಲ್ಕಿ ಪಾಸಾದ ಹುಡುಗಿ ಮತ್ತು ಹತ್ತು ವರ್ಷದ ನಂತರ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸಿದ ಅಕ್ಕೋರು ಇಬ್ಬರೂ ಒಬ್ಬರೇ ಎಂದು ಯಾವ ಒಂದು ಕಾಗದವೂ ಹೇಳುವುದಿಲ್ಲ. ಎರಡನ್ನೂ ಸೇರಿಸುವ ಕಾಗದ ಬೇಕು. ಲಗ್ನಪತ್ರಿಕೆಯಲ್ಲಿ ತವರಿನ ಹೆಸರಿರುತ್ತದೆ. ಹೆಸರು ಬದಲಾವಣೆಯ ಗೆಜೆಟ್ ಪ್ರಕಟಣೆ, ಸರ್ವಿಸ್ ಬುಕ್ಕಿನಲ್ಲಿ ಕೆಂಪು ಮಸಿಯ ತಿದ್ದುಪಡಿ, ತವರಿನ ಆಸ್ತಿಯ ವಾರಸಾ ಉತಾರ (ವಾರಸುದಾರರ ಹೆಸರಿರುವ ದಾಖಲೆ), ಇವುಗಳಲ್ಲಿ ಒಂದಾದರೂ ಸಿಗುತ್ತದೆ. ವಂಶಾವಳಿಯಲ್ಲಿ ಪ್ರತಿ ಹೆಣ್ಣುಮಗಳಿಗೆ ಎರಡೂ ಹೆಸರು ಬರೆಯಿರಿ, 'ಇಂಥವರ ಪತ್ನಿ' ಎಂದಷ್ಟೇ ಬರೆದು ಮುಗಿಸಬೇಡಿ.

ಗಂಡಸರಲ್ಲಿ ಇದೇ ತೊಡಕು ದತ್ತಕದಿಂದ ಬರುತ್ತದೆ. ಮ್ಯಾಟ್ರಿಕ್ ಸರ್ಟಿಫಿಕೇಟಿನಲ್ಲಿ ಒಂದು ಅಡ್ಡಹೆಸರು, ಬಿ.ಎ. ಸರ್ಟಿಫಿಕೇಟಿನಲ್ಲಿ ಇನ್ನೊಂದು ಎಂದರೆ ನಡುವೆ ದತ್ತಕ ಹೋಗಿರಬಹುದು. ದತ್ತಕಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿದ್ದರೆ ನಕಲು ಸಿಗುತ್ತದೆ. ಬರೀ ಇಂಗ್ಲಿಷ್ ಕಾಗುಣಿತದ ವ್ಯತ್ಯಾಸವಿದ್ದರೆ ಚಿಂತೆ ಬೇಡ. ಹಿರೇಮಠಕ್ಕೆ ಕೊನೆಯಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ, ಕುಲಕರ್ಣಿಗೆ ಬೇರೆ ಸ್ವರ, ಇವೆಲ್ಲ ಗುಮಾಸ್ತರ ಕೈಬರಹ. ಕನ್ನಡದ ಒಂದು ರೂಪ ನಿಶ್ಚಯಿಸಿ, ಉಳಿದವನ್ನು ಆ ವ್ಯಕ್ತಿಯ ಪುಟದಲ್ಲೇ ಕೆಳಗೆ ಕೊಡಿ.

ಇನ್ನು ಹೆಣ್ಣುಮಕ್ಕಳ ಕೆಲಸ. ನೌಕರಿ ಮಾಡಿದವರದು ಸಾಲಿಯ ಹಾಜರಿ ಪುಸ್ತಕ, ಪಗಾರ ಪತ್ರಕಗಳಲ್ಲಿ ಸಿಗುತ್ತದೆ. ನೌಕರಿ ಮಾಡದವರದನ್ನು ಬೇರೆಡೆ ಹುಡುಕಬೇಕು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಭಾಷಣಕ್ಕೆ, ಹಾಡಿಗೆ ಕರೆದವರಿಗೆ ಕಾಂಟ್ರಾಕ್ಟ್ ಕಾಗದ ಕಳಿಸುತ್ತಿದ್ದರು, ಅದರಲ್ಲಿ ವಿಷಯ, ತಾರೀಖು, ಸಂಭಾವನೆ ಇರುತ್ತದೆ. ಮಹಿಳಾ ಮಂಡಳದ ಠರಾವು ಪುಸ್ತಕ, ಕಾಲೇಜಿನ ವಾರ್ಷಿಕ ಸಂಚಿಕೆ, ಗಂಡನ ಪುಸ್ತಕದ ಅರಿಕೆಯಲ್ಲಿ 'ಪ್ರತಿ ತೆಗೆದುಕೊಟ್ಟ' ಎಂಬ ಒಂದು ಸಾಲು. ಟೈಪು ಇಲ್ಲದ ಕಾಲದಲ್ಲಿ ಪ್ರತಿ ತೆಗೆಯುವುದೆಂದರೆ ಇಡೀ ಪುಸ್ತಕ ಕೈಯಲ್ಲಿ ಬರೆಯುವುದು. ಹಸ್ತಪ್ರತಿ ಉಳಿದಿದ್ದರೆ ಅಕ್ಷರ ಯಾರದು ಎಂದು ಆ ತಾಯಿಯ ಪತ್ರಗಳ ಜೊತೆ ಇಟ್ಟು ನೋಡಿ. ದಯವಿಟ್ಟು ಇದನ್ನು ಮಾಡಿ. ಪ್ರಾಧ್ಯಾಪಕರ ಹೆಸರಿನ ಎಷ್ಟು ಪುಟ ಆಕೆಯ ಕೈಯಿಂದ ಬಂದಿವೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಸಾಧನಕೇರಿ_ದಾಖಲೆ

ಅಕ್ಕಾವ್ರ, ಪೆನ್ಶನ್ ಸರ್, ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದವು. ತೀರಿಕೊಂಡವರ ಸರ್ವಿಸ್ ದಾಖಲೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದೇ? ಟ್ರಂಕಿನ ಕಾಗದ ಸ್ಕ್ಯಾನ್ ಮಾಡುವಾಗ ಏನು ಎಚ್ಚರಿಕೆ?

ಪೆನ್ಶನ್_ಟೇಬಲ್

ಕೇಳಬಹುದ್ರಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಅರ್ಜಿ ಕೊಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 'ಇವರ ಸಮಗ್ರ ಸೇವಾ ಮಾಹಿತಿ' ಎಂದು ಬರೆದರೆ ಸಿಗುವುದಿಲ್ಲ. 'ಇಂಥ ಸಾಲಿಯಲ್ಲಿ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಕೆಲಸ ಮಾಡಿದ ಇವರ ಸೇವಾ ಪುಸ್ತಕದ ಮೊದಲ ಪುಟ ಮತ್ತು ಸೇವಾ ವಿವರದ ಪುಟಗಳ ನಕಲು' ಎಂದು ಬರೆಯಿರಿ. ವಾರಸುದಾರರೆಂದು ತೋರಿಸುವ ವಂಶವೃಕ್ಷ, ಮರಣಪತ್ರ ಜೊತೆಗಿರಲಿ. ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕಿದರೆ ಕಾಯ್ದೆಯ 8(3)ನೇ ಕಲಮು ತೋರಿಸಿ. 20 ವರ್ಷಕ್ಕಿಂತ ಹಿಂದಿನ ಸಂಗತಿಗೆ ಆ ತಡೆ ಅನ್ವಯಿಸುವುದಿಲ್ಲ. ಉತ್ತರಕ್ಕೆ 30 ದಿನ, ಆಮೇಲೆ ಮೊದಲ ಮೇಲ್ಮನವಿಗೆ 30 ದಿನ, ಎರಡನೆಯದಕ್ಕೆ 90 ದಿನ.

ಅರ್ಜಿಗಿಂತ ಮೊದಲು ಒಮ್ಮೆ ಕಚೇರಿಗೆ ಹೋಗಿ ರೆಕಾರ್ಡ್ ರೂಮಿನವರನ್ನು ಮಾತಾಡಿಸಿ. ಯಾವ ಗಂಟು ಇದೆ, ಯಾವುದು ನಾಶವಾಗಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಪೆನ್ಶನ್ ಪಡೆದವರಾದರೆ ಪಿಪಿಓ (ಪೆನ್ಶನ್ ಪಾವತಿ ಆದೇಶ) ನಂಬರು ಹುಡುಕಿಟ್ಟುಕೊಳ್ಳಿ, ಬೆಂಗಳೂರಿನ ಅಕೌಂಟೆಂಟ್ ಜನರಲ್ ಕಚೇರಿಗೆ ಬರೆಯುವಾಗ ಅದೇ ಗುರುತು.

ಗ್ರಂಥಪಾಲ_ಸಪ್ತಾಪುರ

ಸ್ಕ್ಯಾನಿನ ವಿಷಯ. ಆಷಾಢ, ಶ್ರಾವಣದಲ್ಲಿ ಟ್ರಂಕು ತೆಗೆಯಬೇಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹಳೆಯ ಕಾಗದ ತೇವ ಹೀರಿಕೊಂಡು ಒಂದಕ್ಕೊಂದು ಅಂಟುತ್ತದೆ, ಬಿಡಿಸಲು ಹೋದರೆ ಅಕ್ಷರ ಕಿತ್ತು ಬರುತ್ತದೆ. ದೀಪಾವಳಿ ಕಳೆದ ಮೇಲೆ, ಒಣ ಹವೆಯಲ್ಲಿ, ನೆರಳಿನಲ್ಲಿ ಹರಡಿ. ಬಿಸಿಲಿಗೆ ಬೇಡ.

ಬೂಸ್ಟು ಹಿಡಿದಿದ್ದರೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆಯ ಕುಂಚದಿಂದ ಒಂದೇ ದಿಕ್ಕಿಗೆ ಜಾಡಿಸಿ. ಗುಂಡುಪಿನ್ನು, ತುಕ್ಕು ಹಿಡಿದ ಸ್ಟೇಪಲ್ ಪಿನ್ನು ಇದ್ದರೆ ಎಳೆಯಬೇಡಿ, ಸ್ಟೇಪಲ್ಲಾದರೆ ಹಿಂದಿನಿಂದ ಕಾಲು ಎತ್ತಿ ಬಿಡಿಸಿ. ಹರಿದದ್ದಕ್ಕೆ ಸೆಲೋಟೇಪು ಹಚ್ಚಲೇಬೇಡಿ. ಕೆಲವೇ ವರ್ಷಕ್ಕೆ ಅದು ಕಂದಾಗಿ ಅಂಟು ಒಳಗಿಳಿಯುತ್ತದೆ, ಅಲ್ಲಿಂದ ಅಕ್ಷರ ಹೋಯಿತು. ಪದವಿಪತ್ರಕ್ಕೆ ಲ್ಯಾಮಿನೇಶನ್ ಮಾಡಿಸುವುದು ಇನ್ನೂ ದೊಡ್ಡ ತಪ್ಪು. ಶಾಖದಿಂದ ಮಸಿ, ಮೊಹರು ಕೆಡುತ್ತವೆ, ಮತ್ತೆ ತೆಗೆಯಲೂ ಬರುವುದಿಲ್ಲ.

ಅಕ್ಷರದ ಕಾಗದ 300 ಡಿಪಿಐ, ಫೋಟೋ 600 ಡಿಪಿಐ, ಬಣ್ಣದಲ್ಲಿ. ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಕೆಂಪು ಮಸಿಯ ತಿದ್ದುಪಡಿ ಯಾವುದು, ಮೂಲ ಯಾವುದು ಎಂದು ಗೊತ್ತಾಗುವುದಿಲ್ಲ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಕಚೇರಿಯ ಷರಾ ಅಲ್ಲೇ ಇರುತ್ತದೆ. ಫೈಲಿನ ಹೆಸರು ವರ್ಷದಿಂದ ಶುರುವಾಗಲಿ, ಆಮೇಲೆ ವ್ಯಕ್ತಿ, ಆಮೇಲೆ ಕಾಗದದ ಬಗೆ. ಮೂರು ಪ್ರತಿ ಇರಲಿ, ಒಂದು ಪ್ರತಿ ಬೇರೆ ಊರಿನ ಮನೆಯಲ್ಲಿ.

ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರ ನೋಡಿ. ಸಲ್ಲಿಸಿದ ವರ್ಷ, ಪದವಿ ಘೋಷಿಸಿದ ವರ್ಷ, ಘಟಿಕೋತ್ಸವದ ವರ್ಷ ಮೂರೂ ಬೇರೆ ಇರಬಹುದು. ಯಾವುದು ಬರೆಯುತ್ತಿದ್ದೀರಿ ಎಂದು ಹೇಳಿ. ಮುಖಪುಟದಲ್ಲಿ ಮಾರ್ಗದರ್ಶಕರ ಹೆಸರಿರುತ್ತದೆ. ಆ ಮಾರ್ಗದರ್ಶಕರಿಗೆ ಯಾರು ಮಾರ್ಗದರ್ಶಕರು ಎಂದು ಹಿಂದೆ ಹಿಂದೆ ಹೋದರೆ ರಕ್ತದ ವಂಶಾವಳಿಯ ಪಕ್ಕದಲ್ಲಿ ವಿದ್ಯೆಯ ವಂಶಾವಳಿ ಒಂದು ನಿಲ್ಲುತ್ತದೆ. ಪ್ರಾಧ್ಯಾಪಕರ ಮನೆತನಕ್ಕೆ ಎರಡೂ ಬೇಕು.

ವಿದ್ಯಾನಗರ_ಹುಬ್ಬಳ್ಳಿ

ಎಲ್ಲರೂ ಹಳೆಯ ತಲೆಮಾರಿನ ಮೇಲೆ ಗಮನ ಇಟ್ಟಿದ್ದೀರಿ. ಕೈತಪ್ಪುತ್ತಿರುವುದು ಕೊನೆಯ ತಲೆಮಾರು.

ಮುತ್ತಜ್ಜನ 30 ವರ್ಷ ಒಂದು ಹೊಲಿದ ಪುಸ್ತಕದಲ್ಲಿದೆ. ಮೊಮ್ಮಗಳ ಹತ್ತು ವರ್ಷ ಎಲ್ಲಿದೆ? ಅತಿಥಿ ಉಪನ್ಯಾಸಕಿಯಾಗಿದ್ದರೆ ಆಕೆಗೆ ಸರ್ವಿಸ್ ಬುಕ್ಕೇ ಇಲ್ಲ. ಪ್ರತಿ ಅವಧಿಗೆ ಒಂದು ಆಯ್ಕೆ ಆದೇಶ, ಕೊನೆಗೆ ಬಿಡುಗಡೆ, ಮತ್ತೆ ಅರ್ಜಿ. ಪ್ರಾಂಶುಪಾಲರಿಂದ ಅನುಭವ ಪತ್ರ ಅವಧಿ ಮುಗಿದ ವಾರದಲ್ಲೇ ತೆಗೆದುಕೊಳ್ಳಬೇಕು. ಪ್ರಾಂಶುಪಾಲರು ವರ್ಗವಾದ ಮೇಲೆ ಹೊಸಬರು ಸಹಿ ಹಾಕಲು ಹಿಂಜರಿಯುತ್ತಾರೆ. ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ತಾರೀಖು, ವಿಷಯ, ವಾರಕ್ಕೆ ಎಷ್ಟು ತಾಸು, ಸಂದಾಯವಾದ ಗೌರವಧನ ಇರಲಿ. ಗೌರವಧನ ಬ್ಯಾಂಕಿಗೆ ಬಂದಿದ್ದರೆ ಆ ಪಾಸ್‌ಬುಕ್ ಪುಟವೇ ಎರಡನೆಯ ಸಾಕ್ಷಿ.

ಸಂಶೋಧಕಿಯಾದರೆ ಫೆಲೋಶಿಪ್ ಪತ್ರ, ನೋಂದಣಿ ಪತ್ರ, ಆರು ತಿಂಗಳಿಗೊಮ್ಮೆಯ ಪ್ರಗತಿ ವರದಿ. ಇವೆಲ್ಲ ಸಂಸ್ಥೆಯ ಇಮೇಲಿನಲ್ಲಿ ಬಂದಿರುತ್ತವೆ, ಸಂಸ್ಥೆ ಬಿಟ್ಟ ಮೇಲೆ ಆ ಖಾತೆ ಮುಚ್ಚಿಹೋಗುತ್ತದೆ. ಬಿಡುವ ಮೊದಲೇ ಇಳಿಸಿಕೊಳ್ಳಬೇಕು. ಓರ್ಕಿಡ್ (ORCID) ಎಂಬ ಸಂಶೋಧಕರ ಗುರುತಿನ ನಂಬರು ಮಾಡಿಸಿಟ್ಟರೆ ಮದುವೆಯ ನಂತರ ಅಡ್ಡಹೆಸರು ಬದಲಾದರೂ ಲೇಖನಗಳು ಒಬ್ಬರದೇ ಎಂದು ಉಳಿಯುತ್ತವೆ. ಹಾವೇರಿ ಅಕ್ಕಾವ್ರು ಹೇಳಿದ ತೊಡಕು ಈ ತಲೆಮಾರಿಗೂ ಇದೆ, ಪರಿಹಾರ ಮಾತ್ರ ಈಗ ಕೈಯಲ್ಲಿದೆ.

ದೂರ ಹೋದವರ ವಿಷಯಕ್ಕೆ ಎಲ್ಲರಿಗೂ ಗೊತ್ತಿರುವ ಹುಬ್ಬಳ್ಳಿಯ ಮನೆ ಒಂದನ್ನು ನೋಡಿ. ತಂದೆ ಡಾ. ಆರ್.ಎಚ್. ಕುಲಕರ್ಣಿ ಶಸ್ತ್ರವೈದ್ಯರು. ಮಗಳು ಸುಧಾ ಮೂರ್ತಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಿಂದ ಬಿ.ಇ., ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಎಂ.ಇ. ಮಗ ಶ್ರೀನಿವಾಸ ಕುಲಕರ್ಣಿ ದೆಹಲಿ ಐಐಟಿಯಿಂದ ಎಂ.ಎಸ್., 1983ರಲ್ಲಿ ಬರ್ಕ್ಲಿಯಿಂದ ಪಿಎಚ್.ಡಿ., ಆಮೇಲೆ ಕ್ಯಾಲ್‌ಟೆಕ್‌ನಲ್ಲಿ ಖಗೋಲ ವಿಜ್ಞಾನದ ಪ್ರಾಧ್ಯಾಪಕರು, 2024ರಲ್ಲಿ ಶಾ ಪ್ರಶಸ್ತಿ. ಎರಡೇ ತಲೆಮಾರು, ಆದರೆ ಕಾಗದ ಹುಬ್ಬಳ್ಳಿ, ಬೆಂಗಳೂರು, ದೆಹಲಿ, ಕ್ಯಾಲಿಫೋರ್ನಿಯಾದಲ್ಲಿ. ಬಿವಿಬಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಆ ಕಾಲದ ಪದವಿ ಕೊಟ್ಟದ್ದು ಕರ್ನಾಟಕ ವಿಶ್ವವಿದ್ಯಾಲಯ. ಹೆಸರಾದವರ ವಿಷಯದಲ್ಲಿ ಇದನ್ನು ಜನ ಬರೆದಿಟ್ಟಿದ್ದಾರೆ. ಹೆಸರಾಗದ ಮನೆಯವರು ತಾವೇ ಬರೆದಿಡಬೇಕು.

ಹಾವೇರಿ_ಅಕ್ಕೋರು

ಹಿರಿಯರನ್ನು ಮಾತಾಡಿಸುವುದಿದ್ದರೆ ಇಸವಿ ಕೇಳಬೇಡಿ. 'ಏಕೀಕರಣ ಆದಾಗ ಯಾವ ಓಣಿಯಲ್ಲಿ ಮನೆ ಇತ್ತು?', 'ಎಪ್ಪತ್ತೆರಡರ ಬರದಾಗ ಪಗಾರ ಯಾವ ಊರಾಗ ತಗೊತಿದ್ರಿ?', 'ಗೋಕಾಕ ಚಳವಳಿ ನಡೆದಾಗ ಯಾರು ಯಾರು ಕಾಲೇಜಿನಲ್ಲಿದ್ದರು?' ಎಂದು ಕೇಳಿ. 1956, 1972, 1982 ತಾವಾಗಿಯೇ ಬರುತ್ತವೆ. ಮುಕ್ಕಾಲು ತಾಸಿಗಿಂತ ಹೆಚ್ಚು ಕೂರಿಸಬೇಡಿ. ಕೈಯಲ್ಲಿ ಒಂದು ಹಳೆಯ ಗ್ರೂಪ್ ಫೋಟೋ ಕೊಟ್ಟು ಎಡದಿಂದ ಬಲಕ್ಕೆ ಹೆಸರು ಹೇಳಿಸಿ, ಫೋಟೋದ ಹಿಂದೆ ಬರೆಯದೆ ಬೇರೆ ಹಾಳೆಯಲ್ಲಿ ತಲೆಗಳ ಆಕಾರದ ಗೆರೆ ತೆಗೆದು ಬರೆದುಕೊಳ್ಳಿ.

ಸಾಧನಕೇರಿ_ದಾಖಲೆ

ಕೊನೆಯದಾಗಿ ಒಂದು. ಮುತ್ತಜ್ಜ ಕಲಿಸಿದ ಸಾಲಿ ಈಗ ಇಲ್ಲ, ಹುಡುಗರಿಲ್ಲವೆಂದು ಪಕ್ಕದ ಊರಿನ ಸಾಲಿಗೆ ಸೇರಿಸಿದ್ದಾರೆ. ಅಲ್ಲಿನ ರಜಿಸ್ಟರು ಎಲ್ಲಿ ಸಿಗಬಹುದು?

ಮುಲ್ಕಿ_ಪಾಸ್

ಯಾವ ಸಾಲಿಗೆ ಸೇರಿಸಿದರೋ ಅಲ್ಲಿನ ಮುಖ್ಯಾಧ್ಯಾಪಕರ ಕೋಣೆಯ ಕಪಾಟು ಮೊದಲು, ಅಲ್ಲಿ ಇಲ್ಲದಿದ್ದರೆ ತಾಲೂಕಿನ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಹುಡುಗರ ಹೆಸರು ಹಚ್ಚಿದ ಜನರಲ್ ರಜಿಸ್ಟರು ಶಾಶ್ವತ ದಾಖಲೆ, ಅದನ್ನು ನಾಶ ಮಾಡುವಂತಿಲ್ಲ ಎಂದು ಮರ್ಯಾದೆಯಿಂದಲೇ ನೆನಪಿಸಿ. ಸಿಕ್ಕ ಮೇಲೆ ಹುಡುಗರ ಹೆಸರಿನ ಪುಟಗಳಷ್ಟೇ ನೋಡಿ ಬಿಡಬೇಡಿ. ಹೆಡ್‌ಮಾಸ್ತರರ ಸಹಿ ಪ್ರತಿ ದಾಖಲೆಯ ಮುಂದೆ ಇರುತ್ತದೆ. ಮುತ್ತಜ್ಜ ಅಲ್ಲಿ ಹೆಡ್‌ಮಾಸ್ತರರಾಗಿದ್ದರೆ, ಸಹಿ ಬದಲಾದ ತಾರೀಖಿನಿಂದ ಅವರು ಆ ಹುದ್ದೆಗೆ ಬಂದ ಮತ್ತು ಬಿಟ್ಟ ಕಾಲ ಸುಮಾರಾಗಿ ಗೊತ್ತಾಗುತ್ತದೆ.